ಮೇಡಂ ಅವರ ಫೈಲು

ಇಪ್ಪತ್ತೆರಡು ವರ್ಷ ಆಸ್ಪತ್ರೆಯ ರೆಕಾರ್ಡ್ ರೂಮಿನಲ್ಲೇ ಕೂದಲು ಹಣ್ಣು ಮಾಡಿಕೊಂಡವಳಿಗೆ ಒಂದು ಫೈಲು ಸಿಗುವುದಿಲ್ಲ ಎಂದರೆ ತಲೆ ಎತ್ತಿ ತಿರುಗುವುದು ಹೇಗೆ? ಅದರಲ್ಲೂ ಅದು ಮೇಡಂ ಅವರ ಫೈಲು. ಆಸ್ಪತ್ರೆಯ ಆಫೀಸು ಕೆಲಸದ ಕೋರ್ಸಿನಲ್ಲಿ ಅವಳಿಗೆ ಪಾಠ ಹೇಳಿ, ನಿವೃತ್ತಿಯಾಗಿ ಮಗಳ ಮನೆ ಸೇರಿದ್ದ ಮೇಡಂ, ನೆಂಟರನ್ನು ನೋಡಲು ಊರಿಗೆ ಬಂದವರು ಜಾರಿಬಿದ್ದು ಸೊಂಟ ಮುರಿದುಕೊಂಡು ಮೇಲಿನ ವಾರ್ಡಿನಲ್ಲಿ ಮಲಗಿದ್ದರು. ಹಿಂದೊಮ್ಮೆ ಯಾವುದೋ ಇಂಜೆಕ್ಷನ್ ಮೈಗೆ ಒಗ್ಗದೆ ಸಾವಿನ ದವಡೆಯಿಂದ ಪಾರಾಗಿದ್ದರಂತೆ. ಯಾವುದೆಂದು ಅವರಿಗೇ ನೆನಪಿಲ್ಲ.

"ಹಳೇ ಫೈಲು ನೋಡದೆ ನಾನು ಆಪರೇಷನ್‌ಗೆ ಕೈ ಹಾಕಲ್ಲ," ಎಂದು ಡಾಕ್ಟರು ಪಟ್ಟು ಹಿಡಿದಿದ್ದರು.

ನಂಬರು 42-08-65. ಕೊನೆಯ ಎರಡು ಅಂಕಿ ಹಿಡಿದು ಕಪಾಟು ಹುಡುಕುವುದು ಅಲ್ಲಿನ ಪದ್ಧತಿ. ಅರವತ್ತೈದನ್ನು ಮೂರು ಸಲ ಜಾಲಾಡಿದಳು. ಮೂಗಿಗೆ ಧೂಳು ಬಂತೇ ಹೊರತು ಫೈಲು ಬರಲಿಲ್ಲ. ಸೋತು ಸ್ಟೂಲಿನ ಮೇಲೆ ಕೂತಳು.

ಎಂಥ ದಿನಗಳವು! ನಿವೃತ್ತಿಗೆ ಮುಂಚೆ ಮೇಡಂ ಪಾಠ ಹೇಳಿದ ಕೊನೆಯ ತಂಡ, ಹನ್ನೊಂದು ಹುಡುಗಿಯರಿಗೆ ಒಂದೇ ಫ್ಯಾನು. ಫೋನಿನಲ್ಲಿ ಮಾತಾಡುವುದು, ಇನ್ಶೂರೆನ್ಸ್ ಫಾರಂ ತುಂಬುವುದು, ಚೀಟಿ ಓದುವುದು, ಎಲ್ಲವನ್ನೂ ಮೇಡಂ ಕಲಿಸಿದರು. "ಡಾಕ್ಟರ ಅಕ್ಷರ ಓದೋಕೆ ಬಂದ್ರೆ ಹಣೆಬರಹನೂ ಓದಬಹುದು ಕಣ್ರೇ," ಅನ್ನುತ್ತಿದ್ದರು. ಆ ಹುಡುಗಿಯರಲ್ಲಿ ಒಬ್ಬಳು ಈಗ ಇನ್ಶೂರೆನ್ಸ್ ಕಂಪನಿಯಲ್ಲಿ ಅಧಿಕಾರಿ. ಇನ್ನೊಬ್ಬಳ ಮಾತು ಮೀರಿ ಹಲ್ಲಿನ ಕ್ಲಿನಿಕ್ಕಿನಲ್ಲಿ ಹಲ್ಲೂ ಅಲುಗುವುದಿಲ್ಲ. ಇವಳು ಮಾತ್ರ ಕಾಗದ ಬಿಟ್ಟು ಕದಲಲಿಲ್ಲ.

ಫೈಲು ಜೋಡಿಸುವ ಅಭ್ಯಾಸ ಇದೇ ರೂಮಿನಲ್ಲಿ ನಡೆಯುತ್ತಿತ್ತು. ಅದಕ್ಕೆ ಮೇಡಂ ಕೊಡುತ್ತಿದ್ದುದು ತಮ್ಮದೇ ಫೈಲು. "ಕಳೆದ್ರೆ ಸಾಯೋಳು ನಾನೇ, ನೋಡಿಕೊಂಡು ಇಡಿ." ಇಟ್ಟ ಮೇಲೆ ಪ್ರತಿ ಸಲ ತಾವೇ ಹೋಗಿ ನೋಡುತ್ತಿದ್ದರು. ಕೊನೆಯ ದಿನ ಇವಳ ಸರದಿ ಬಂದಾಗ ಮಾತ್ರ, "ನಿಂದು ನೋಡಬೇಕಾಗಿಲ್ಲ ಬಿಡೇ," ಅಂದುಬಿಟ್ಟರು. ಆ ಮಾತು ಒಂದು ಕಡೆ, ಅಂದೇ ಕೈಗೆ ಬಂದಿದ್ದ ಕೆಲಸದ ಪತ್ರ ಇನ್ನೊಂದು ಕಡೆ. ಅವಳ ಕಾಲು ನೆಲದ ಮೇಲಿರಲಿಲ್ಲ.

ಸ್ಟೂಲಿನಿಂದ ದಡಕ್ಕನೆ ಎದ್ದಳು. ಅವತ್ತು ನಂಬರನ್ನು ಕೊನೆಯಿಂದ ಹಿಡಿಯದೆ ಮೊದಲಿನಿಂದ ಓದಿಬಿಟ್ಟಿದ್ದೆನೇ? ಹೊಸಬರೆಲ್ಲ ಮಾಡುವ ತಪ್ಪು ಅದೇ. ನಲವತ್ತೆರಡನೇ ಕಪಾಟಿಗೆ ಓಡಿದಳು. ಕೆಳಗಿನ ಅರೆಯಲ್ಲಿ, ಅವಳು ಇಟ್ಟ ಹಾಗೇ, ಫೈಲು ಕೂತಿತ್ತು.

ಮೊದಲ ಪುಟದಲ್ಲೇ ಕೆಂಪು ಶಾಯಿಯಲ್ಲಿ ಔಷಧದ ಹೆಸರಿತ್ತು. ಡಾಕ್ಟರು ಓದಿ ಬೆಚ್ಚಿದರು. "ನಾವು ಮಾಮೂಲಾಗಿ ಕೊಡೋದು ಇದನ್ನೇ," ಎಂದರು.

ಅವಳು ಮೇಡಂ ಅವರ ಮಂಚದ ಪಕ್ಕ ನಿಂತು ನಡೆದದ್ದನ್ನು ಮುಚ್ಚುಮರೆ ಇಲ್ಲದೆ ಹೇಳಿದಳು. "ನಾನೇ ತಪ್ಪಾಗಿ ಇಟ್ಟಿದ್ದೆ, ಮೇಡಂ."

ಮೇಡಂ ಫೈಲು ತೆಗೆದುಕೊಂಡು ನಂಬರಿನ ಮೇಲೆ ಬೆರಳಿಟ್ಟರು.

"ಈಗ ಎಲ್ಲಿಡ್ತೀಯ?"

"ಅರವತ್ತೈದರಲ್ಲಿ."

"ಹೋಗಿ ಇಡು," ಎಂದು ಅವಳ ಕೈ ಹಿಡಿದುಕೊಂಡರು. "ಕಾಲಿಗೆ ನಡೆಯೋ ಶಕ್ತಿ ಬರಲಿ. ಈ ಸಲ ನಾನೇ ಬಂದು ನೋಡ್ತೀನಿ."