ಡೆನಿಸರ ಕಾರಿನ ಪೆಟ್ರೋಲ್ ವಾಸನೆ

ಹಂಪನಕಟ್ಟೆಯಲ್ಲಿ ಬಾಡಿಗೆ ಕಾರು ಓಡಿಸುವ ಡೆನಿಸರಿಗೆ ತಮ್ಮ ಕಾರೆಂದರೆ ಪ್ರಾಣ. ಸ್ವದೇಶಕ್ಕೆ ಮರಳುತ್ತಿದ್ದ ಬಿಳಿಯ ದೊರೆಯೊಬ್ಬರಿಂದ ಕೊಂಡ ಹಳೆಯ ಕಾರು ಅದು. ಆದರೆ ಈಚೆಗೆ ಅದರ ಬಾಗಿಲು ತೆರೆದರೆ ಸಾಕು, ಪೆಟ್ರೋಲಿನ ವಾಸನೆ ಮೂಗಿಗೆ ಹೊಡೆಯುತ್ತಿತ್ತು.

“ನಿಮ್ಮ ಅಂಗಿ ಒಗೆದರೂ ಅದೇ ವಾಸನೆ. ಎಲ್ಲಿಯೋ ಸೋರ್ತಾ ಉಂಟು, ಯಾರಿಗಾದರೂ ತೋರಿಸಿ,” ಎಂದು ಹೆಂಡತಿ ಒಲಿಂಡಾ ಹೇಳುತ್ತಲೇ ಇದ್ದರು.

“ಪೆಟ್ರೋಲ್ ಕುಡಿಯುವ ಗಾಡಿಯಿಂದ ಮಲ್ಲಿಗೆಯ ಪರಿಮಳ ಬರ್ತದಾ? ಹಳೆ ಕಾರು, ಸ್ವಲ್ಪ ವಾಸನೆ ಇರ್ತದೆ,” ಎಂದು ಡೆನಿಸರು ನಕ್ಕುಬಿಡುತ್ತಿದ್ದರು.

ಒಂದು ಆದಿತ್ಯವಾರ ಗಂಡಹೆಂಡತಿ ಕಾವೂರಿಗೆ ಹೋದರು. ಡೆನಿಸರ ತಂಗಿ ಮಗ್ದಲೀನ್ ತುಂಬು ಗರ್ಭಿಣಿ. ಅವರನ್ನು ಹೆರಿಗೆಗೆ ತವರಿಗೆ ಕರೆತರಬೇಕಿತ್ತು. ಹಿಂದಿರುಗುವಾಗ ಮಳೆ ಹಿಡಿಯಿತು. ಕಾರಿಗೆ ಕಿಟಕಿಯ ಗಾಜಿನ ಬದಲು ಇದ್ದ ಪಕ್ಕದ ದಪ್ಪ ಪರದೆಗಳನ್ನೆಲ್ಲ ಇಳಿಸಿದಾಗ ವಾಸನೆ ಒಳಗೇ ತುಂಬಿತು. ಅರ್ಧ ದಾರಿಯಲ್ಲಿ ಮಗ್ದಲೀನ್ ಹಣೆ ಹಿಡಿದುಕೊಂಡರು.

“ಅಣ್ಣಾ, ತಲೆ ತಿರುಗ್ತದೆ. ವಾಂತಿ ಬರುವ ಹಾಗೆ ಆಗ್ತದೆ.”

ಒಲಿಂಡಾ ಗಂಡನಿಗೆ ಹೇಳಿ ಕಾರು ನಿಲ್ಲಿಸಿ, ನಾದಿನಿಯನ್ನು ಇಳಿಸಿ ದಾರಿಬದಿಯ ಅಂಗಡಿಯ ಜಗಲಿಯಲ್ಲಿ ಕೂರಿಸಿದರು. ಹೊರಗಿನ ಗಾಳಿ ತಾಗಿದ ಮೇಲೆ ಮಗ್ದಲೀನ್ ಚೇತರಿಸಿಕೊಂಡರು.

“ರಿಪೇರಿ ಆಗುವವರೆಗೆ ನಾನೂ ಹತ್ತುವುದಿಲ್ಲ, ಇವಳನ್ನೂ ಹತ್ತಿಸುವುದಿಲ್ಲ,” ಎಂದರು ಒಲಿಂಡಾ. ಅತ್ತಿಗೆ ನಾದಿನಿ ಇಬ್ಬರೂ ಎತ್ತಿನ ಗಾಡಿಯಲ್ಲಿ ಮನೆ ಸೇರಿದರು.

ಡೆನಿಸರು ಕಾರನ್ನು ಅಲ್ಲೇ ಬಿಟ್ಟು, ಮೋಟಾರು ರಿಪೇರಿ ಮಾಡುವ ಗೆಳೆಯ ಶುಕೂರರನ್ನು ಕರೆತಂದರು. ಪೆಟ್ರೋಲ್ ಟ್ಯಾಂಕು ಎದುರಿನ ಸೀಟಿನ ಅಡಿಯಲ್ಲಿತ್ತು. ಅಲ್ಲಿ ಕತ್ತಲೆಂದು ಡೆನಿಸರು ಬೆಂಕಿಪೆಟ್ಟಿಗೆ ತೆಗೆದರು. ಶುಕೂರರು ತಟ್ಟನೆ ಅವರ ಕೈ ಹಿಡಿದರು.

“ಎಂತ ಮಾಡ್ತೀರಿ ಡೆನಿಸರೇ? ಪೆಟ್ರೋಲಿನ ಹಬೆ ಕಣ್ಣಿಗೆ ಕಾಣುವುದಿಲ್ಲ. ಆದರೆ ಒಂದು ಕಿಡಿ ಸಾಕು, ಕಾರು ಮಾತ್ರ ಅಲ್ಲ, ನಾವೂ ಉಳಿಯುವುದಿಲ್ಲ.”

ಡೆನಿಸರು ಬೆಂಕಿಪೆಟ್ಟಿಗೆಯನ್ನು ದೂರ ಇಟ್ಟು ಬಂದರು. “ತಂಗಿ ಒಳಗೆ ಇರುವಾಗಲೇ ನಾನು ಬೀಡಿ ಹಚ್ಚುವವನಿದ್ದೆ ಮಾರಾಯ,” ಎಂದರು ಮೆಲ್ಲಗೆ.

ಶುಕೂರರು ಸೀಟನ್ನೂ ಪರದೆಗಳನ್ನೂ ಎತ್ತಿ ಬೆಳಕು ಬರಲು, ಗಾಳಿಯಾಡಲು ಬಿಟ್ಟರು. ಟ್ಯಾಂಕಿನಿಂದ ಇಂಜಿನಿಗೆ ಹೋಗುವ ಪೈಪನ್ನು ಒಣಬಟ್ಟೆಯಿಂದ ಒರೆಸಿ ಕಾದರು. ಒಂದು ಜೋಡಣೆಯಲ್ಲಿ ಮತ್ತೆ ಒದ್ದೆ ಕಾಣಿಸಿತು. ಟ್ಯಾಂಕಿನ ಮುಚ್ಚಳದೊಳಗಿನ ಹಬೆ ತಡೆಯುವ ಬೆಂಡಿನ ವಾಷರೂ ಒಣಗಿ ಬಿರಿದಿತ್ತು. ಪೆಟ್ರೋಲನ್ನು ಮುಚ್ಚಳವಿರುವ ಡಬ್ಬಿಗೆ ಇಳಿಸಿ, ಹೊಸ ಪೈಪು, ಹೊಸ ವಾಷರು ಹಾಕಿದರು. ಟ್ಯಾಂಕು ತುಂಬಿಸಿದರೂ ಜೋಡಣೆ ಒಣಗಿಯೇ ಇತ್ತು.

“ಇಷ್ಟೇಯಾ?” ಎಂದರು ಡೆನಿಸರು.

“ಇಷ್ಟೇ. ನೀವು ಬಿಟ್ಟು ಬಿಟ್ಟು ದೊಡ್ಡದು ಮಾಡಿದ್ದು.”

ಕಾರು ಮನೆಗೆ ಬಂದಾಗ ಒಲಿಂಡಾ ಸುಮ್ಮನೆ ನಂಬಲಿಲ್ಲ. ಪರದೆ ಇಳಿಸಿಕೊಂಡು ಒಳಗೆ ಬಹಳ ಹೊತ್ತು ಕುಳಿತರು. ಆಮೇಲೆ, “ಈಗ ಅಡ್ಡಿಲ್ಲ,” ಎಂದು ಇಳಿದರು.

ಮುಂದಿನ ವಾರ ಬೆಳಗಿನ ಜಾವ ಮಗ್ದಲೀನರಿಗೆ ನೋವು ಕಾಣಿಸಿತು. ಆಸ್ಪತ್ರೆಗೆ ಒಯ್ದದ್ದು ಅದೇ ಕಾರು. ಹೆಣ್ಣು ಮಗು ಹುಟ್ಟಿತು. ಮನೆಗೆ ಕರೆತರುವಾಗ ಕೂಸು ಒಲಿಂಡಾರ ಮಡಿಲಲ್ಲಿ ದಾರಿಯುದ್ದಕ್ಕೂ ನಿದ್ದೆ ಮಾಡಿತು.

ಹಳೆಯ ಕಾರು ಇರುವ ಅಣ್ಣಂದಿರೇ, ಅದರಲ್ಲಿ ಕೂರುವ ಅಕ್ಕಂದಿರೇ, ಪೆಟ್ರೋಲ್ ವಾಸನೆ ಬಂದರೆ ಕಾರು ನಿಲ್ಲಿಸಿ, ಎಲ್ಲರೂ ಇಳಿಯಿರಿ. ಬೀಡಿ, ದೀಪ, ಬೆಂಕಿಕಡ್ಡಿ ಹತ್ತಿರ ತರಬೇಡಿ. ಕೆಲಸ ಬಲ್ಲವರನ್ನು ಕರೆಸಿ, ಹಗಲಿನ ಬೆಳಕಿನಲ್ಲಿ ಪೈಪು, ಮುಚ್ಚಳ ತೋರಿಸಿ. ‘ಹಳೆ ಕಾರು, ಹೀಗೆಯೇ’ ಎಂದು ಯಾರಾದರೂ ಅಂದರೆ ಒಪ್ಪಬೇಡಿ. ಇವತ್ತೇ ಸೀಟು ಎತ್ತಿಸಿ ನೋಡಿ.