ಚಳುಕು ತೆಗೆಯುವ ಕಾಲು

ಮದ್ದೂರಿನ ಹತ್ತಿರದ ಕೊಪ್ಪದಲ್ಲಿ ಯಾರಿಗೆ ಸೊಂಟ ಹಿಡಿದುಕೊಂಡರೂ ಮೊದಲು ನೆನಪಾಗುತ್ತಿದ್ದುದು ಡಾಕ್ಟರಲ್ಲ, ಸಿದ್ದರಾಜುವಿನ ಮಗಳು ಮಂಜುಶ್ರೀಯ ಬಲಗಾಲು. ಎಲ್ಲರೂ ತಲೆ ಮುಂದು ಮಾಡಿಕೊಂಡು ಹುಟ್ಟಿದರೆ ಇವಳು ಕಾಲು ಮುಂದು ಮಾಡಿಕೊಂಡು ಹುಟ್ಟಿದವಳು. ಅಂಥವರು ಭಾನುವಾರವೋ ಅಮಾವಾಸ್ಯೆಯೋ ನೋಡಿ, ಹೊತ್ತು ಮೂಡುವಾಗ, ಹೊಸಲಿನ ಮೇಲೆ ಬೋರಲು ಮಲಗಿದವರ ಸೊಂಟಕ್ಕೆ ಮೂರು ಸಲ ಒದ್ದರೆ ಚಳುಕು ಕಿತ್ತುಕೊಂಡು ಓಡುತ್ತದೆ. ಇದು ಮೂಢನಂಬಿಕೆ ಎನ್ನುವ ಧೈರ್ಯವಿದ್ದವರು ಅಲ್ಲಿಗೇ ಹೋಗಿ ಹೇಳಬಹುದು. ಒದೆಗೆ ಅಲ್ಲಿ ಬರವಿಲ್ಲ.

ಒದ್ದದ್ದಕ್ಕೆ ದುಡ್ಡು ಮುಟ್ಟುವಂತಿರಲಿಲ್ಲ, ಮುಟ್ಟಿದರೆ ಕಾಲಿನ ಗುಣ ಹೋಗುತ್ತದಂತೆ. ಹಾಗಾಗಿ ಬಂದವರು ನಾಟಿ ಕೋಳಿಮೊಟ್ಟೆ ತರುತ್ತಿದ್ದರು. ಮಂಜುಶ್ರೀ ಇನ್ನೂ ನಡೆಯಲು ಬಾರದ ಕೂಸಾಗಿದ್ದಾಗ ಅವಳ ಅವ್ವ ಮಲ್ಲಿಗಮ್ಮ ಅವಳನ್ನು ಕಂಕುಳಲ್ಲಿ ಹಿಡಿದು, ಊರ ಗಂಡಸರ ಸೊಂಟದ ಮೇಲೆ ಆ ಪುಟ್ಟ ಪಾದವನ್ನು ಕುಟ್ಟಿಸುತ್ತಿದ್ದಳು. ದೊಡ್ಡವಳಾದ ಮೇಲೆ ಅವಳೇ ಒದೆಯತೊಡಗಿದಳು. ಸ್ಕೂಲಿನಲ್ಲಿ ಅವಳಿಗೆ ಅದೇ ಹೆಸರು, ಒದೆಯೋ ಮಂಜಿ. ಲಂಗ ಎತ್ತಿ ಕಟ್ಟಿ ದೊಡ್ಡವರ ಸೊಂಟಕ್ಕೆ ಒದೆಯುವವಳನ್ನು ಕಂಡು ಹುಡುಗರು ನಗುತ್ತಿದ್ದರು, ಅವಳು ಹಿತ್ತಲಿಗೆ ಹೋಗಿ ಅಳುತ್ತಿದ್ದಳು. ಮೊಟ್ಟೆ ಮಾತ್ರ ಬಿಡದೆ ತಿನ್ನುತ್ತಿದ್ದಳು.

ಆ ಮೊಟ್ಟೆಗಳೇ ಇವಳನ್ನು ಗಟ್ಟಿ ಮಾಡಿದವು ಎಂದು ಕೆಂಪರಾಜು ತಮಾಷೆ ಮಾಡುತ್ತಿದ್ದ. ಅವನು ಮದ್ದೂರಿನಲ್ಲಿ ಗೊಬ್ಬರದ ಅಂಗಡಿಯ ಮಹಡಿಯ ಮೇಲೆ ಜಿಮ್ ನಡೆಸುವವನು, ಒಂದು ಕಾಲಕ್ಕೆ ತಾನೂ ಪವರ್‌ಲಿಫ್ಟರ್. ಡಿಗ್ರಿ ಓದುವಾಗ ಗೆಳತಿಯ ಜೊತೆ ಸುಮ್ಮನೆ ಮೆಟ್ಟಿಲು ಹತ್ತಿ ಬಂದ ಮಂಜುಶ್ರೀ, ನೆಲದ ಮೇಲಿದ್ದ ಭಾರದ ಸರಳನ್ನು ಹಿಡಿದು ನೆಟ್ಟಗೆ ಎದ್ದು ನಿಂತದ್ದನ್ನು ನೋಡಿ ಅವನು ಕೈಲಿದ್ದ ಟೀ ಲೋಟ ಕೆಳಗಿಟ್ಟಿದ್ದ. ಅಂದಿನಿಂದ ಅವಳಿಗೆ ಆ ಮಹಡಿಯೇ ಮನೆಯಾಯಿತು.

ಊರು ಅವಳನ್ನು ಹೊಗಳಿದ್ದೆಲ್ಲ ಹುಟ್ಟಿನಿಂದ ಬಂದದ್ದಕ್ಕೆ. ಹೊಟ್ಟೆಯೊಳಗೆ ಹೇಗೆ ತಿರುಗಿಕೊಂಡಿದ್ದಳೋ ಅದಕ್ಕೆ. ಅದರಲ್ಲಿ ಅವಳದೇನಿತ್ತು? ಕಬ್ಬಿಣ ಹಾಗಲ್ಲ. ಹೋದ ತಿಂಗಳು ಅಲ್ಲಾಡದ ಭಾರ ಈ ತಿಂಗಳು ಎದ್ದರೆ, ಅದು ಪೂರ್ತಿ ಅವಳದೇ. ಹೋದ ವರ್ಷ ಭಾರ ಎತ್ತುವ ಸ್ಪರ್ಧೆಯ ಜಿಲ್ಲಾ ಆಯ್ಕೆಯಲ್ಲಿ ಮಳವಳ್ಳಿಯ ಪ್ರಿಯಾಂಕ ಎಂಬವಳು ಕೂದಲೆಳೆಯ ಅಂತರದಲ್ಲಿ ಗೆದ್ದು ರಾಜ್ಯಮಟ್ಟಕ್ಕೆ ಹೋಗಿದ್ದಳು. ಈ ವರ್ಷದ ಆಯ್ಕೆ ಮಂಡ್ಯದಲ್ಲಿ, ಬರುವ ತಿಂಗಳ ಮೊದಲ ಭಾನುವಾರ. ಈ ಸಲ ತಾನು ಹೋಗಬೇಕು. ಅದೊಂದು ಬಿಟ್ಟು ಅವಳಿಗೆ ಲೋಕದಲ್ಲಿ ಬೇರೆ ಏನೂ ಬೇಕಿರಲಿಲ್ಲ.

ಆಯ್ಕೆಗೆ ಎರಡು ವಾರ ಇರುವಾಗ ಅದಾಯಿತು. "ಇವತ್ತಿಗೆ ಸಾಕು, ಪ್ಲೇಟು ಬಿಚ್ಚಿಡು" ಎಂದು ಹೇಳಿ ಕೆಂಪರಾಜು ಫೋನು ಹಿಡಿದು ಹೊರಗೆ ಹೋದ. ಅವಳು ಬಿಚ್ಚಲಿಲ್ಲ, ಸರಳಿನ ಎರಡೂ ಕಡೆ ಇನ್ನೊಂದೊಂದು ಭಾರದ ಬಿಲ್ಲೆ ಏರಿಸಿದಳು. ಪ್ರಿಯಾಂಕ ಎಷ್ಟು ಎತ್ತುತ್ತಿದ್ದಾಳೆಂದು ಯಾರೋ ಬೆಳಗ್ಗೆ ಹೇಳಿದ್ದರು, ಅದು ತಲೆಯಲ್ಲಿ ಕೊರೆಯುತ್ತಿತ್ತು. ಸರಳು ಮೊಣಕಾಲಿನವರೆಗೆ ಬಂತು. ಬೆನ್ನು ಬಾಗಿದ್ದು ಅವಳಿಗೇ ತಿಳಿಯಿತು, ಆದರೂ ಕೈ ಬಿಡಲಿಲ್ಲ. ಸೊಂಟದೊಳಗೆ ಹಸಿ ಕಬ್ಬಿನ ಜಲ್ಲೆ ಮುರಿದಂತೆ ಲಟಕ್ಕೆಂದಿತು. ಆಮೇಲೆ ಕುಂಡಿಯಿಂದ ಬಲಗಾಲಿನ ಹೆಬ್ಬೆರಳವರೆಗೂ ಕೆಂಡ ಸುರಿದ ಹಾಗೆ ಉರಿ.

ಸದ್ದು ಕೇಳಿ ಕೆಂಪರಾಜು ಓಡಿ ಬಂದ. "ಏನಾಯ್ತವ್ವ?"

"ಏನಿಲ್ಲ ಸಾರ್, ಕೈ ಜಾರ್ತು."

ನಿಜ ಹೇಳಿದ್ದರೆ ಅವನು ಆ ಕ್ಷಣವೇ ಅವಳ ಹೆಸರು ವಾಪಸು ತೆಗೆಸುತ್ತಿದ್ದ. ಅದು ಗೊತ್ತಿದ್ದೇ ಅವಳು ಸುಳ್ಳು ಹೇಳಿದ್ದು. ಮರುದಿನ ನೆಂಟರ ಮನೆ ಎಂದಳು, ಆಮೇಲೆ ಜ್ವರ ಇನ್ನೂ ಬಿಟ್ಟಿಲ್ಲ ಎನ್ನುತ್ತಲೇ ದಿನ ತಳ್ಳಿದಳು. ಮನೆಯಲ್ಲಿ ಕೂರಲಾರಳು, ಮಲಗಲಾರಳು, ಕೆಮ್ಮಿದರೆ ಜೀವ ಹೋಗುತ್ತಿತ್ತು. ಬಿಸಿತುಪ್ಪದ ಹಾಗೆ ಆ ನೋವನ್ನು ನುಂಗಲೂ ಆಗದೆ ಉಗುಳಲೂ ಆಗದೆ ಒದ್ದಾಡಿದಳು.

ಕೊನೆಗೆ ಅವ್ವನೇ ಅವಳನ್ನು ಮಂಡ್ಯದ ಮೂಳೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಸ್ಕ್ಯಾನ್ ನೋಡಿ ಡಾಕ್ಟರು ಹೇಳಿದರು: "ಬೆನ್ನೆಲುಬಿನ ನಡುವಿನ ಡಿಸ್ಕ್ ಜಾರಿ ನರವನ್ನು ಒತ್ತುತ್ತಿದೆ. ಆರು ವಾರ ಭಾರ ಮುಟ್ಟಬೇಡ. ಮುಕ್ಕಾಲು ಪಾಲು ಜನಕ್ಕೆ ಆಪರೇಷನ್ ಇಲ್ಲದೇ ವಾಸಿಯಾಗುತ್ತದೆ, ಆಮೇಲೆ ನಿಧಾನವಾಗಿ ಮತ್ತೆ ಎತ್ತಬಹುದು. ಆದರೆ ಕಾಲು ಮರಗಟ್ಟಿದರೆ, ಪಾದ ಮೇಲೆತ್ತಲು ಆಗದಿದ್ದರೆ, ಒಂದು ಗಂಟೆಯೂ ಕಾಯಬೇಡ, ಓಡಿ ಬಾ."

"ಭಾನುವಾರ ಒಂದು ದಿನ ಮಾತ್ರ ಎತ್ತಬಹುದಾ ಸಾರ್?"

ಡಾಕ್ಟರು ಕನ್ನಡಕ ತೆಗೆದು ಅವಳನ್ನೇ ನೋಡಿದರು. ಚೀಟಿಯಲ್ಲಿ ಆರು ವಾರ ಎಂದು ಬರೆದು ಅದರ ಕೆಳಗೆ ಎರಡು ಗೆರೆ ಎಳೆದರು. ಅವರು ಹೇಳಿದ್ದರಲ್ಲಿ ಅವಳ ಕಿವಿಗೆ ಬಿದ್ದದ್ದು ಆರು ವಾರ ಎಂಬ ಮಾತೊಂದೇ. ಉಳಿದದ್ದು ಆಸ್ಪತ್ರೆಯ ಬಾಗಿಲಲ್ಲೇ ಉಳಿಯಿತು.

ಬಸ್ಸಿನಲ್ಲಿ ನಿಂತೇ ಬರುವಾಗ ಮಲ್ಲಿಗಮ್ಮ ಮೆಲ್ಲಗೆ ಕಿವಿಯಲ್ಲಿ ಹೇಳಿದಳು: "ಯಾರ್ಗೂ ಬಾಯ್ಬುಡ್ಬೇಡ ಕಣಮ್ಮಿ. ಊರ್ಗೆಲ್ಲಾ ಸಕುನ ಏಳೋ ಅಲ್ಲಿ ತಾನೇ ಬಾನಿಗೆ ಬಿತ್ತು ಅಂತ ಆಡ್ಕತಾರೆ. ದುದ್ದದಲ್ಲಿ ಬೆಟ್ಟಮ್ಮ ಅಂತ ಅವ್ಳೆ, ನಿನ್ನಂಗೇ ಕಾಲ್ ಮುಂದಾಗಿ ಉಟ್ಟಿರೋಳು. ಸುಕ್ರವಾರ ಅಮಾವಾಸೆ. ಮೂರೊದೆ ತಿಂದ್ರೆ ಭಾನ್ವಾರಕ್ಕೆ ಕುದುರೆ ಆಯ್ತೀಯ."

ಮಂಜುಶ್ರೀ ಓದಿದವಳು. ಒತ್ತಿಕೊಂಡ ನರಕ್ಕೆ ಒದೆತ ಮದ್ದಲ್ಲ ಎಂದು ತಿಳಿಯದವಳಲ್ಲ. ಆದರೆ ಇಪ್ಪತ್ತು ವರ್ಷದಿಂದ ಅವಳ ಕಾಲಡಿಯಿಂದ ಎದ್ದು ನಡೆದುಹೋದವರನ್ನು ಅವಳೇ ಕಣ್ಣಾರೆ ಕಂಡಿದ್ದಳು. ಅಷ್ಟು ಜನ ಸುಳ್ಳು ಹೇಳಿದರೇ? ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ಅವಳು ಹ್ಞೂಂ ಎಂದಳು.

ಗುರುವಾರ ಸಂಜೆಯೇ ದುದ್ದಕ್ಕೆ ಹೋಗಿ ನೆಂಟರ ಮನೆಯಲ್ಲಿ ಉಳಿದರು. ಬೆಟ್ಟಮ್ಮ ದೊಡ್ಡ ಮೈಕಟ್ಟಿನ ಮುದುಕಿ, ಹಿಮ್ಮಡಿಯೇ ಒಂದು ಸೇರು ತೂಗುವಂತಿತ್ತು. ಬೆಳಗ್ಗೆ ಇವರು ಬಂದ ಕಾರಣ ಕೇಳಿ ಅವಳು ಗಹಗಹಿಸಿ ನಕ್ಕಳು. "ಎಷ್ಟು ಜನಕ್ಕೆ ಒದ್ದಿದ್ದೀಯ ಮಗಾ, ನೀನೂ ಒಂದ್ ಸಲ ತಿನ್ನು. ರುಚಿ ಗೊತ್ತಾಗ್ಲಿ."

ಹೊಸಲಿನ ಮೇಲೆ ಬೋರಲು ಮಲಗಿದಾಗ ಮಂಜುಶ್ರೀಯ ಮೂಗಿಗೆ ಅರಿಶಿನದ ವಾಸನೆ ಬಡಿಯಿತು. ಅಲ್ಲಿಂದ ಬರೀ ಕಾಲುಗಳು ಕಾಣುತ್ತವೆ ಎಂದು ಅವಳಿಗೆ ಈವರೆಗೆ ಗೊತ್ತಿರಲಿಲ್ಲ. ಮೊದಲ ಒದೆಗೆ ಹಲ್ಲು ಕಚ್ಚಿದಳು. ಎರಡನೆಯದಕ್ಕೆ ಕೂಗಿಕೊಂಡಳು. ಮೂರನೆಯದು ಬಿದ್ದಾಗ ಕಣ್ಣಿಗೆ ಕತ್ತಲೆ ಕಟ್ಟಿತು, ಕಾಲಿನುದ್ದಕ್ಕೂ ಏನೋ ಮಿಂಚಿ ಹೋಯಿತು.

ಆಮೇಲೆ ನೋವೇ ಇರಲಿಲ್ಲ.

ಅವಳು ಎದ್ದು ಕೂತಳು, ನಿಂತಳು, ಬಗ್ಗಿದಳು. ಎರಡು ವಾರ ಕಾಲನ್ನು ಸುಟ್ಟ ಉರಿ ಆರಿಹೋಗಿತ್ತು. ಬೆಟ್ಟಮ್ಮನ ಕಾಲಿಗೆ ಬಿದ್ದು ಅತ್ತುಬಿಟ್ಟಳು. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಊರು ಸೇರಿದಳು. ದಾರಿಯಲ್ಲಿ ಮಂಡ್ಯ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಬದಲಿಸುವಾಗ ಬಲಗಾಲಿನ ಚಪ್ಪಲಿ ಕಳಚಿ ಹಿಂದೆಯೇ ಉಳಿಯಿತು. ಕಳಚಿದ್ದು ಗೊತ್ತೇ ಆಗಲಿಲ್ಲ, ಹಿಂದೆ ಬರುತ್ತಿದ್ದವರು ಕೂಗಿ ಹೇಳಬೇಕಾಯಿತು. ಹಳೆಯ ಚಪ್ಪಲಿ ಎಂದುಕೊಂಡಳು. ಶನಿವಾರ ಮನೆಯ ಮೆಟ್ಟಿಲು ಎಡವಿ ಹೆಬ್ಬೆರಳ ಉಗುರು ಕಿತ್ತು ರಕ್ತ ಸುರಿಯಿತು. "ನೋಡವ್ವಾ, ಒಂಚೂರೂ ನೋಯ್ತಿಲ್ಲ!" ಎಂದು ಅವಳು ಖುಷಿಯಿಂದ ಕೂಗಿ ತೋರಿಸಿದಳು. ತಾಯಿ ಮಗಳು ಇಬ್ಬರೂ ಆ ರಕ್ತ ನೋಡಿಕೊಂಡು ನಕ್ಕರು.

ಕೆಂಪರಾಜುವಿಗೆ ಫೋನು ಮಾಡಿ ಜ್ವರ ಬಿಟ್ಟಿತು ಎಂದಳು. ಆಯ್ಕೆಯ ಹಿಂದಿನ ದಿನ ಭಾರ ಮುಟ್ಟುವುದು ಬೇಡ, ಮೈಗೆ ರೆಸ್ಟ್ ಕೊಡು, ಬೆಳಗ್ಗೆ ಕಾರು ತರುತ್ತೇನೆ ಎಂದು ಅವನು ಹೇಳಿದ. ಹಾಗಾಗಿ ಆ ಕಾಲಿನಲ್ಲಿ ಏನು ಉಳಿದಿದೆ ಎಂದು ಪರೀಕ್ಷೆ ಮಾಡುವ ಪ್ರಸಂಗವೇ ಬರಲಿಲ್ಲ.

ಭಾನುವಾರ ಅವಳು ಸ್ನಾನ ಮುಗಿಸಿ, ಬೆಲ್ಟು, ಶೂ ಬ್ಯಾಗಿಗೆ ತುಂಬಿ ಸಿದ್ಧಳಾಗುವ ಹೊತ್ತಿಗೆ ಬಾಗಿಲಲ್ಲಿ ಹೊನ್ನಯ್ಯ ನಿಂತಿದ್ದ. ಲಾರಿಗೆ ಕಬ್ಬು ತುಂಬುವ ಆಳು. ಹೊರೆ ಎತ್ತುವಾಗ ಸೊಂಟ ಹಿಡಿದು, ಬಿಲ್ಲಿನ ಹಾಗೆ ಬಾಗಿದ್ದ. ಕೈಯಲ್ಲಿ ಟವೆಲಿನಲ್ಲಿ ಕಟ್ಟಿದ ಮೊಟ್ಟೆ.

"ಒದ್ದುಬುಟ್ಟೇ ಓಗು, ಒಳ್ಳೆದಾಯ್ತದೆ" ಎಂದಳು ಮಲ್ಲಿಗಮ್ಮ.

ಹೊನ್ನಯ್ಯ ನರಳುತ್ತ ಹೊಸಲಿಗೆ ಅಡ್ಡಲಾಗಿ ಮಲಗಿದ. ಮಂಜುಶ್ರೀ ಬಾಗಿಲ ಚೌಕಟ್ಟು ಹಿಡಿದು ಬಲಗಾಲು ಎತ್ತಿದಳು. ತೊಡೆ ಎದ್ದಿತು, ಮೊಣಕಾಲು ಎದ್ದಿತು. ಪಾದ ಏಳಲಿಲ್ಲ. ತಂತಿಯ ಮೇಲೆ ಹಾಕಿದ ಒದ್ದೆ ಬಟ್ಟೆಯಂತೆ ಕೆಳಕ್ಕೆ ನೇತಾಡಿತು. ಅವಳು ಅದನ್ನು ಯಾರದೋ ಕಾಲನ್ನು ನೋಡುವ ಹಾಗೆ ನೋಡಿದಳು. ಮತ್ತೆ ಎತ್ತಿದಳು. ಬೆರಳುಗಳು ಹೊನ್ನಯ್ಯನ ಅಂಗಿಯ ಮೇಲೆ ಸವರಿಕೊಂಡು ಜಾರಿದವು. ಇನ್ನೊಂದು ಸಲ ಎತ್ತಿದಳು. ಒದೆಯಲ್ಲ ಅದು, ಬೆಕ್ಕಿನ ಬಾಲ ತಾಗಿದ ಹಾಗೆ.

ಹೊನ್ನಯ್ಯ ಕೈಯೂರಿ ಎದ್ದ. ಸೊಂಟ ತಿರುಗಿಸಿ ನೋಡಿಕೊಂಡ. ಮುಖ ಅರಳಿತು. "ಓಯ್ತು ಕಣವ್ವಾ! ಅತ್ತಿ ಅಂಗೆ ಅಗುರ ಆಯ್ತು. ನಿನ್ ಕಾಲು ತಣ್ಣಗಿರ್ಲಿ."

ಅವನು ಅದನ್ನು ಮನಸಾರೆ ಹೇಳಿದ. ಅದಕ್ಕೇ ಅವಳಿಗೆ ಎದೆ ಒಡೆದಂತಾಯಿತು. ಒದೆಯದ ಒದೆಗೂ ಇವನು ಎದ್ದು ನಿಂತ ಎಂದರೆ, ಇಷ್ಟು ವರ್ಷ ಎದ್ದು ಹೋದವರೆಲ್ಲ ತಾವಾಗಿಯೇ ಏಳುತ್ತಿದ್ದರು. ಯಾವ ಕಾಲಿಗೂ ಯಾವ ಗುಣವೂ ಇರಲಿಲ್ಲ. ಏನೂ ಇಲ್ಲದ ಅದನ್ನು ನಂಬಿ ಅವಳು ದುದ್ದದಲ್ಲಿ ಬೆನ್ನು ಕೊಟ್ಟು ಮಲಗಿದ್ದಳು. ಆರಿದ್ದು ಉರಿಯಲ್ಲ, ನರ.

"ಅವ್ವಾ," ಎಂದಳು, "ಪಾದ ಏಳ್ತಿಲ್ಲ."

"ಅದೇನ್ ಅಂಗಂದ್ರೆ?"

"ಏಳ್ತಿಲ್ಲ ಕಣವ್ವಾ! ನನ್ನ ಕಾಲು ಓಯ್ತು!"

ಹೊರಗೆ ಕೆಂಪರಾಜುವಿನ ಕಾರು ಹಾರ್ನ್ ಹೊಡೆಯಿತು. ಬ್ಯಾಗು ತೆಗೆದುಕೊಂಡು ಎದುರು ಬಂದವಳ ಬಲಪಾದ ನೆಲಕ್ಕೆ ಪಟ್ ಪಟ್ ಎಂದು ಬಡಿಯುವುದನ್ನು ಅವನು ಎರಡು ಹೆಜ್ಜೆಯಲ್ಲೇ ಕಂಡ. ಬೆನ್ನು ಹೋದ ಲಿಫ್ಟರುಗಳನ್ನು ಅವನು ಮೊದಲೂ ನೋಡಿದ್ದ. ಅವಳ ಕೈಯಿಂದ ಬ್ಯಾಗು ಕಿತ್ತು ಮನೆಯೊಳಗೆಸೆದು, ಅವಳನ್ನು ಹಿಂದಿನ ಸೀಟಿನಲ್ಲಿ ಮಲಗಿಸಿದ. ಮಲ್ಲಿಗಮ್ಮ ಬಾಯಿಗೆ ಸೆರಗು ತುರುಕಿಕೊಂಡು ಮುಂದೆ ಕೂತಳು. ದಾರಿಯಲ್ಲಿ ಮಂಜುಶ್ರೀ ಎಲ್ಲವನ್ನೂ ಹೇಳಿದಳು: ಏರಿಸಿದ ಪ್ಲೇಟು, ಜ್ವರ, ಡಾಕ್ಟರು, ಬೆಟ್ಟಮ್ಮ.

"ಒಂದ್ ಮಾತು ಏಳ್ಬಾರ್ದಾ? ಒಂದೇ ಒಂದ್ ಮಾತು? ಮುಂದಿನ್ ವರ್ಸ ಇರ್ಲಿಲ್ವಾ?" ಕೆಂಪರಾಜು ಸ್ಟೇರಿಂಗ್‌ಗೆ ಗುದ್ದಿದ.

ಮಂಡ್ಯ ಬಂದಾಗ ಅವಳು ಅವನ ಹೆಗಲು ಹಿಡಿದುಕೊಂಡಳು. "ಸಾರ್, ಸ್ಟೇಡಿಯಂ ಕಡೆ ತಿರುಗ್ಸಿ ಸಾರ್. ನಿಂತ್ಕಳಕ್ಕೆ ಆಯ್ತದೆ. ಒಂದೇ ಲಿಫ್ಟು. ಆಮೇಲೆ ಏನಾರ ಆಗ್ಲಿ. ನಿಮ್ಮ ಕಾಲ್ಗೆ ಬೀಳ್ತೀನಿ."

"ಮಲಕ್ಕ" ಎಂದ ಅವನು, ಹಿಂದೆ ತಿರುಗದೆ. ಕಾರು ಆಸ್ಪತ್ರೆಯ ಕಡೆಗೇ ಹೋಯಿತು.

ಭಾನುವಾರವಾದರೂ ಅದೇ ಡಾಕ್ಟರು ಬಂದರು. ಯಾವಾಗ ನೋವು ನಿಂತಿತು ಎಂದು ಕೇಳಿದರು. ಶುಕ್ರವಾರ ಎಂದಳು. ಅವರು ಒಂದು ಕ್ಷಣ ಕಣ್ಣು ಮುಚ್ಚಿದರು. ಇವತ್ತೇ ಆಪರೇಷನ್ ಮಾಡುತ್ತೇವೆ, ನರದಲ್ಲಿ ಜೀವ ಉಳಿದಿದ್ದರೆ ಪಾದ ವಾಪಸು ಬರಬಹುದು, ಬಾರದೆಯೂ ಇರಬಹುದು, ಈಗಲೇ ಹೇಳಲಾರೆ ಎಂದರು. ಮಲ್ಲಿಗಮ್ಮ ಸೆರಗಿನ ಗಂಟು ಬಿಚ್ಚಿ ದುಡ್ಡು ಎಣಿಸತೊಡಗಿದಳು.

"ಎಷ್ಟು ಉಳಿದಿದೆ ನೋಡೋಣ" ಎಂದು ಡಾಕ್ಟರು ಮಂಚದ ಕೊನೆಗೆ ಬಂದು, ಉಗುರು ಕಿತ್ತ ಹೆಬ್ಬೆರಳಿನ ಮೇಲೆ ತಮ್ಮ ಕಿರುಬೆರಳನ್ನು ಮೆಲ್ಲಗೆ ಇಟ್ಟರು. "ಇದನ್ನು ಮೇಲಕ್ಕೆತ್ತು."

ಮಂಜುಶ್ರೀ ಕಣ್ಣು ಮುಚ್ಚಿದಳು. ಆಯ್ಕೆಯ ದಿನಕ್ಕೆಂದು ಕೂಡಿಟ್ಟಿದ್ದ ಬಲ ಇನ್ನೂ ಮೈಯಲ್ಲಿತ್ತು. ಉಸಿರು ಹೊಟ್ಟೆಯ ತಳದವರೆಗೆ ಎಳೆದು ಬಿಗಿಹಿಡಿದಳು. ಕೈಗಳು ಮಂಚದ ಸರಳನ್ನು ಕಚ್ಚಿ ಹಿಡಿದವು. ತಲೆಯ ಹತ್ತಿರ ನಿಂತಿದ್ದ ಕೆಂಪರಾಜು ಜಿಮ್ಮಿನಲ್ಲಿ ಕೂಗುವ ಹಾಗೆಯೇ ಕೂಗಿದ, "ಎತ್ತು! ಬುಡ್ಬೇಡ, ಎತ್ತವ್ವಾ!" ಕತ್ತಿನ ನರ ಉಬ್ಬಿತು, ಹಣೆಯಲ್ಲಿ ಬೆವರು ಒಡೆಯಿತು, ಮಂಚ ಕಿರುಗುಟ್ಟಿತು. ಎದ್ದಿತು. ಎದ್ದೇಬಿಟ್ಟಿತು ಎಂದು ಅವಳಿಗೆ ಅನ್ನಿಸಿತು.

"ಎತ್ತಿದೆ ಸಾರ್" ಎಂದಳು.

ಅವಳು ಕಣ್ಣು ಬಿಟ್ಟು ನೋಡಿದಳು. ಡಾಕ್ಟರ ಕಿರುಬೆರಳು ಇಟ್ಟಲ್ಲೇ ಇತ್ತು, ಅದರ ಕೆಳಗೆ ಅವಳ ಹೆಬ್ಬೆರಳು ಮಲಗಿತ್ತು.