ಹಾಜರಿಯ ಹಣೆ

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಅವಳಿಗೆ ಎಲ್ಲರೂ ಇಟ್ಟ ಹೆಸರು ಗಾಣ. ಮುಖ ತೊಳೆದು ಎರಡು ಗಂಟೆಯಾಗುವಷ್ಟರಲ್ಲಿ ಹಣೆ, ಮೂಗು, ಗಲ್ಲ ಎಲ್ಲ ಜಿಡ್ಡುಜಿಡ್ಡು. ಎಣ್ಣೆ ಹಾಕದೆಯೇ ಕೂದಲು ನೆತ್ತಿಗೆ ಅಂಟಿಕೊಳ್ಳುತ್ತಿತ್ತು. ಮೊಡವೆಗಳಂತೂ ಪಾಳಿಯ ಮೇಲೆ ಬರುತ್ತಿದ್ದವು. ಒಂದು ಹೊರಟರೆ ಇನ್ನೊಂದು ಹಾಜರು.

ಹಾಗೆ ಆಡಿಕೊಳ್ಳುವವರೇ ಬೆಳಿಗ್ಗೆ ಏಳಕ್ಕೆ ಬಾಗಿಲಲ್ಲಿ ನಿಂತು ಅವಳ ದಾರಿ ಕಾಯುತ್ತಿದ್ದರು. ಬಿಸಿನೀರಲ್ಲಿ, ಸೋಪಿನಲ್ಲಿ ನೆನೆದು ನೆನೆದು ಅವರ ಬೆರಳುಗಳು ಒಣಗಿ ಕಟ್ಟಿಗೆಯಾಗಿದ್ದವು. ಹಾಜರಿ ಯಂತ್ರ ಅವನ್ನು ಬೆರಳೆಂದೇ ಒಪ್ಪುತ್ತಿರಲಿಲ್ಲ. ಕೊಬ್ಬರಿ ಎಣ್ಣೆ ಹಚ್ಚಿದರೆ ಗಾಜಿಗೆ ಮೆತ್ತಿಕೊಂಡು ಇನ್ನೂ ಮೊಂಡು ಹಿಡಿಯುತ್ತಿತ್ತು. ಅವಳ ಹಣೆಗೆ ಒಮ್ಮೆ ಹೆಬ್ಬೆರಳು ಸವರಿ ಒತ್ತಿದರೆ ಮಾತ್ರ ಹಸಿರು ದೀಪ.

"ನಾಳೇನೂ ಮುಖ ತೊಳೀದೇ ಬಾರೇ" ಎಂದು ಅಪ್ಪಣೆ ಬೇರೆ. ಆರು ಹೆಬ್ಬೆರಳುಗಳ ಸವಾರಿ ಮುಗಿದ ಮೇಲೆ ಅವಳು ಬಚ್ಚಲಿಗೆ ಹೋಗಿ ಚರ್ಮ ಕೆಂಪಾಗುವವರೆಗೆ ಉಜ್ಜುತ್ತಿದ್ದಳು. ಅಳು ಬರುತ್ತಿತ್ತು.

ಕೊನೆಗೆ ಚರ್ಮದ ಡಾಕ್ಟರ ಹತ್ತಿರ ಹೋದಳು. "ಉಜ್ಜಿದ್ರೆ ನಿಲ್ಲಲ್ಲಮ್ಮ, ಇದು ಒಳಗಿನ ಗ್ರಂಥಿಗಳ ಕೆಲಸ" ಎಂದು ಅವರು ಮಾತ್ರೆ ಬರೆದುಕೊಟ್ಟರು. ಎರಡು ತಿಂಗಳಲ್ಲಿ ತುಟಿ ಒಡೆಯಿತು, ಆದರೆ ಮುಖ ತಿಳಿಯಾಯಿತು. ಕೂದಲು ಗಾಳಿಗೆ ಹಾರಾಡಿತು. ಒಗೆಯುವ ಯಂತ್ರದ ದುಂಡು ಗಾಜಿನಲ್ಲಿ ಅವಳು ದಿನಕ್ಕೆ ಹತ್ತು ಸಲ ತನ್ನನ್ನೇ ನೋಡಿಕೊಂಡಳು. ಮೂವತ್ತು ವರ್ಷಕ್ಕೆ ಅವಳಿಗೂ ಒಂದು ಮುಖ ಬಂದಿತ್ತು.

ಬಂದದ್ದೇ ತಡ, ಬಾಗಿಲಲ್ಲಿ ಗಲಾಟೆ ಶುರುವಾಯಿತು. ಉಳಿದವರು ಇಪ್ಪತ್ತು ಸಲ ಒತ್ತಿ ಹೇಗೋ ಪಾರಾದರು. ಎಲ್ಲರಿಗಿಂತ ಹಿರಿಯಳಾದ, ನಿವೃತ್ತಿಗೆ ಎರಡು ತಿಂಗಳಷ್ಟೇ ಉಳಿದಿದ್ದ ದೊಡ್ಡಮ್ಮನ ಬೆರಳು ಮಾತ್ರ ಜಪ್ಪಯ್ಯ ಅಂದರೂ ದಾಖಲಾಗಲಿಲ್ಲ. ಮೂರು ದಿನ ಹಾಜರಿ ತಪ್ಪಿದರೆ ಕೆಲಸವೂ ಹೋಯಿತು, ಪಿಂಚಣಿಯೂ ಹೋಯಿತು. ಎರಡು ದಿನ ಆಗಲೇ ತಪ್ಪಿತ್ತು.

"ನಿಮ್ಮ ಕಣ್ಮುಂದೇನೇ ನಿಂತಿದೀನಲ್ಲ ಸ್ವಾಮಿ!" ಎಂದಳು ದೊಡ್ಡಮ್ಮ.

"ನನ್ನ ಕಣ್ಣಿಗೆ ಅಧಿಕಾರ ಇಲ್ಲಮ್ಮ" ಎಂದ ಮೇಲ್ವಿಚಾರಕ. ಪಾಪ, ನಿಜವನ್ನೇ ಹೇಳಿದ.

ದೊಡ್ಡಮ್ಮ ಉಳಿದಿದ್ದ ಒಂದು ತಿಂಗಳ ರಜೆಯನ್ನೆಲ್ಲ ಹಾಕಿ ಮನೆಯಲ್ಲಿ ಕೂತಳು. ಆ ಸಂಜೆ ಇತ್ತ ಗಾಣ ಎನಿಸಿಕೊಂಡವಳು ತನ್ನ ಮಾತ್ರೆಯ ಡಬ್ಬಿಯನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಯೋಚಿಸಿದಳು. ನಾನೇ ಯಾಕೆ ಎಂದು ಸಿಟ್ಟು ಬಂತು. ಆದರೂ ಡಬ್ಬಿಯನ್ನು ಬೀರುವಿನ ಮೇಲೆ ಕೈಗೆಟುಕದ ಹಾಗೆ ಎಸೆದುಬಿಟ್ಟಳು. ಯಾರಿಗೂ ಹೇಳಲಿಲ್ಲ.

ದೊಡ್ಡಮ್ಮ ರಜೆ ಮುಗಿಸಿ ಬರುವ ಹೊತ್ತಿಗೆ ಗಾಣದ ಹಣೆ ಮೊದಲಿನಂತೆ ಹೊಳೆಯುತ್ತಿತ್ತು. ಹೆಬ್ಬೆರಳು ಸವರಿದ್ದೇ ಹಸಿರು ದೀಪ. ಮೊಡವೆಗಳೂ ಬಂಧುಬಳಗ ಕಟ್ಟಿಕೊಂಡು ಮರಳಿದವು. ಉಳಿದ ತಿಂಗಳು ಒಂದು ದಿನವೂ ತಪ್ಪದೆ ಸಾಗಿತು.

ಬೀಳ್ಕೊಡುಗೆಯ ದಿನ ದೊಡ್ಡಮ್ಮ ಎಲ್ಲರನ್ನೂ ಅಪ್ಪಿಕೊಂಡು ಅತ್ತಳು. ಅವಳನ್ನು ಮಾತ್ರ ಪಕ್ಕಕ್ಕೆ ಕರೆದು, ಬಣ್ಣದ ಕಾಗದದ ಪೊಟ್ಟಣವೊಂದನ್ನು ಕೈಗಿಟ್ಟಳು. ಬಿಚ್ಚಿದರೆ, ಮುಖದ ಜಿಡ್ಡು ತೆಗೆಯುವ ಸೋಪು.

"ಬೇಜಾರು ಮಾಡ್ಕೋಬೇಡ ಮಗಳೇ" ಎಂದಳು ದೊಡ್ಡಮ್ಮ ದನಿ ತಗ್ಗಿಸಿ. "ನಡುವೆ ಎಷ್ಟು ಲಕ್ಷಣವಾಗಿ ಇಟ್ಕೊಂಡಿದ್ದೆ ಮುಖಾನ! ಹೆಣ್ಮಕ್ಕಳಿಗೆ ಇಷ್ಟು ಸೋಮಾರಿತನ ಒಳ್ಳೇದಲ್ಲ ಕಣೆ."